ಮಾರ್ಕೆಟಿಂಗ್ ಓದಿದರೆ ಕೆಲಸ ಸಿಗುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಫಲಿತಾಂಶ ಬಂದ ವಾರ ಒಮ್ಮೆ, ಪದವಿಯ ಕೊನೆಯ ಸೆಮಿಸ್ಟರ್ ಮುಗಿದ ವಾರ ಇನ್ನೊಮ್ಮೆ, ವರ್ಷಕ್ಕೆ ಎರಡು ಸಲ ನನ್ನ ಫೋನಿಗೆ ಬಿಡುವಿರುವುದಿಲ್ಲ. ಊರಿನವರು, ನೆಂಟರು, ನೆಂಟರ ನೆಂಟರು. ‘ಹುಡುಗ ಮಾರ್ಕೆಟಿಂಗ್ ಓದುತ್ತೇನೆ ಎನ್ನುತ್ತಾನೆ, ಏನು ಮಾಡುವುದು?’ ಎಂದು ಎಲ್ಲರೂ ಕೇಳುತ್ತಾರೆ. ನಾನು ಹಾವೇರಿ ಜಿಲ್ಲೆಯವನು. ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಮಾರ್ಕೆಟಿಂಗ್ ವಿಷಯದಲ್ಲಿ ಎಂಬಿಎ ಮಾಡಿದೆ, ಆರು ವರ್ಷ ಬೈಕಿನ ಮೇಲೆ ಅಂಗಡಿ ಅಂಗಡಿ ತಿರುಗಿದೆ, ಈಗ ಬೆಂಗಳೂರಿನಲ್ಲಿ ಕುಳಿತು ಹೊಸಬರನ್ನು ಕೆಲಸಕ್ಕೆ ಆರಿಸುತ್ತೇನೆ. ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಸುತ್ತು ಬಳಸು ಬೇಡ. ಮಾರ್ಕೆಟಿಂಗ್ ಪದವಿಯಿಂದ ಲಾಭವಿದೆಯೇ, ಇಲ್ಲವೇ?

ಮೊದಲು ನಿಮಗೆ ಬೇಕಾದ ಕೆಲಸದ ಹೆಸರು ಹೇಳಿ. ಕೆಲವು ಕೆಲಸಗಳಿಗೆ ಬಾಗಿಲಲ್ಲೇ ಪದವಿ ಕೇಳುತ್ತಾರೆ: ದೊಡ್ಡ ಕಂಪನಿಯ ಬ್ರಾಂಡ್ ಮ್ಯಾನೇಜರ್, ಬ್ಯಾಂಕಿನ ಮಾರ್ಕೆಟಿಂಗ್ ಆಫೀಸರ್, ಕಾಲೇಜಿನ ಅಧ್ಯಾಪಕ. ಅಲ್ಲಿ ಎಂಬಿಎ ಇಲ್ಲದವರ ಅರ್ಜಿ ಮೇಜಿನಿಂದ ಮೇಜಿಗೆ ಹೋಗುವುದೇ ಇಲ್ಲ. ಇನ್ನು ಕೆಲವು ಇವೆ: ಮೆಡಿಕಲ್ ರೆಪ್, ಡಿಜಿಟಲ್ ಜಾಹೀರಾತು, ಸಣ್ಣ ಕಂಪನಿಯ ಸೇಲ್ಸ್, ಜಾಹೀರಾತಿನ ಬರವಣಿಗೆ. ಅವುಗಳಿಗೆ ಮಾರ್ಕೆಟಿಂಗ್ ಪದವಿಯನ್ನು ಯಾರೂ ಕಡ್ಡಾಯ ಮಾಡಿಲ್ಲ, ಬಿಎಸ್ಸಿಯೋ ಬಿಎಯೋ ನಡೆಯುತ್ತದೆ. ಮೊದಲ ಸಾಲಿನ ಕೆಲಸದ ಮೇಲೆ ಕಣ್ಣಿಟ್ಟವರು ಓದಲಿ. ಎರಡನೆಯ ಸಾಲಿನದು ಸಾಕು ಎನ್ನುವವರು ಅದಕ್ಕಾಗಿ ಹತ್ತು ಲಕ್ಷ ಸುರಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಮಾರ್ಕೆಟಿಂಗ್ ಎಂದರೆ ಬ್ಯಾಗು ಹೊತ್ತು ತಿರುಗುವ ಸೇಲ್ಸ್ ಕೆಲಸ ತಾನೇ?

ಇದರಲ್ಲಿ ಅರ್ಧ ನಿಜವಿದೆ, ಆ ಅರ್ಧವನ್ನು ಕಾಲೇಜಿನ ಕರಪತ್ರಗಳು ಮುಚ್ಚಿಡುತ್ತವೆ. ನಮ್ಮಲ್ಲಿ ಮಾರ್ಕೆಟಿಂಗ್ ಓದಿದವರ ಮೊದಲ ಕೆಲಸ ಬಹುಪಾಲು ಸೇಲ್ಸೇ. ದೊಡ್ಡ ಸಂಸ್ಥೆಗಳಿಂದ ಬಂದವರಿಗೂ ಅದು ತಪ್ಪಿದ್ದಲ್ಲ. ಹಿಂದೂಸ್ತಾನ್ ಯೂನಿಲಿವರ್ ತನ್ನ ಮ್ಯಾನೇಜ್‌ಮೆಂಟ್ ಟ್ರೈನಿಗಳನ್ನು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ವಾರಗಟ್ಟಲೆ ಇರಿಸುತ್ತಿದ್ದ ಸಂಗತಿ ಈ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತು. ಸೋಪು ಕೊಳ್ಳುವವರ ಬದುಕನ್ನು ಕಾಣದವನ ಕೈಗೆ ಸೋಪಿನ ಜಾಹೀರಾತಿನ ಹಣ ಕೊಡಬಾರದು ಎಂಬುದು ಅದರ ಹಿಂದಿನ ಲೆಕ್ಕ.

ನನ್ನ ಮೊದಲ ಬೀಟ್ ರಾಣೇಬೆನ್ನೂರು, ಬ್ಯಾಡಗಿ, ಹಿರೇಕೆರೂರು. ಬೀಟ್ ಎಂದರೆ ಇಂಥ ದಿನ ಇಂಥ ಬೀದಿಯ ಅಂಗಡಿಗಳಿಗೆ ಹೋಗಬೇಕು ಎಂದು ಗೊತ್ತುಮಾಡಿದ ಸುತ್ತು. ದಿನಕ್ಕೆ ಮೂವತ್ತು, ನಲವತ್ತು ಅಂಗಡಿ. ನಾನು ಮಾರುತ್ತಿದ್ದುದು ಬಟ್ಟೆ ಒಗೆಯುವ ಪುಡಿ. ಬ್ಯಾಡಗಿಯ ಒಂದು ಕಿರಾಣಿ ಅಂಗಡಿಗೆ ಮಾರುಕಟ್ಟೆಯ ದಿನವೇ ಹೋಗಬೇಕೆಂದು ಕಂಪನಿಯ ಹಾಳೆಯಲ್ಲಿತ್ತು. ಹೋದರೆ ಅಂಗಡಿಯವರು ತಲೆ ಎತ್ತುತ್ತಿರಲಿಲ್ಲ. ‘ಹಳೆಯ ಮಾಲೇ ಇದೆ, ಮುಂದಿನ ವಾರ ನೋಡೋಣ.’ ಮೂರು ವಾರ ಇದೇ ಮಾತು. ನಾಲ್ಕನೆಯ ವಾರ ಅಂಗಡಿಗೆ ಹೋಗದೆ ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತೆ. ಮೆಣಸಿನಕಾಯಿ ಮಾರಿ ಕೈಗೆ ದುಡ್ಡು ಬಂದ ರೈತರು ಸಂಜೆ ಅದೇ ಅಂಗಡಿಗೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಚಿಕ್ಕ ಪೊಟ್ಟಣ ಹರಿದುಕೊಡುವ ಅಂಗಡಿಯಲ್ಲಿ ಅಂದು ಕಿಲೋ ಪ್ಯಾಕೆಟ್‌ಗಳು ಚೀಲಕ್ಕೆ ಬೀಳುತ್ತಿದ್ದವು, ಏಳರ ಹೊತ್ತಿಗೆ ಕಿಲೋ ಪ್ಯಾಕೆಟ್ ಮುಗಿದಿತ್ತು. ಮುಂದಿನ ವಾರ ಮಾರುಕಟ್ಟೆಯ ಹಿಂದಿನ ದಿನ ಹೋಗಿ, ಚಿಕ್ಕ ಪೊಟ್ಟಣದ ಮಾತೇ ಎತ್ತದೆ, ಬರೀ ದೊಡ್ಡ ಪ್ಯಾಕೆಟ್ ಬರೆಸಿಕೊಂಡೆ.

ಇಲ್ಲಿಗೆ ನಿಲ್ಲಿಸಿದರೆ ‘ಪುಸ್ತಕಕ್ಕಿಂತ ಅನುಭವ ದೊಡ್ಡದು’ ಎಂಬ ಕಥೆಯಾಗುತ್ತದೆ. ಆದರೆ ಆಮೇಲೆ ನಡೆದದ್ದೇ ಬೇರೆ. ನನ್ನ ಜೊತೆಗಿದ್ದ ಹಿರಿಯ ಸೇಲ್ಸ್‌ಮನ್ ಒಬ್ಬರು ಎಸ್‌ಎಸ್‌ಎಲ್‌ಸಿ ಓದಿದ್ದರು. ನಾನು ದೊಡ್ಡದಾಗಿ ಕಂಡುಹಿಡಿದೆ ಎಂದುಕೊಂಡದ್ದು ಅವರಿಗೆ ಹದಿನೈದು ವರ್ಷದಿಂದ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನಾನು ಅದನ್ನೇ ಒಂದು ಹಾಳೆಯ ವರದಿ ಮಾಡಿ, ಮೇಲೊಂದು ಗ್ರಾಫ್ ಹಾಕಿ ಹುಬ್ಬಳ್ಳಿ ಕಚೇರಿಗೆ ಕಳಿಸಿದೆ. ವರ್ಷದೊಳಗೆ ನನಗೆ ಬಡ್ತಿಯಾಯಿತು. ಅವರು ಅಲ್ಲೇ ಉಳಿದರು. ಪದವಿಯ ಬೆಲೆ ಏನೆಂದು ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಅವರ ಮುಖ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ಹಾಗಾದರೆ ತರಗತಿಯಲ್ಲಿ ಕಲಿಸುವುದು ಯಾವ ಕೆಲಸಕ್ಕೂ ಬರುವುದಿಲ್ಲವೇ?

ಬರುತ್ತದೆ, ಕಾಲು ಭಾಗ. ಅಮೆರಿಕದ ಜೆರೋಮ್ ಮೆಕಾರ್ಥಿ 1960ರಲ್ಲಿ ಹೇಳಿದ ನಾಲ್ಕು ‘ಪಿ’ಗಳನ್ನು ಇಂದಿಗೂ ಮೊದಲ ಸೆಮಿಸ್ಟರಿನಲ್ಲಿ ಉರುಹೊಡೆಸುತ್ತಾರೆ: ಸರಕು (ಪ್ರಾಡಕ್ಟ್), ಬೆಲೆ (ಪ್ರೈಸ್), ಸರಕು ಸಿಗುವ ಜಾಗ (ಪ್ಲೇಸ್), ಪ್ರಚಾರ (ಪ್ರಮೋಷನ್). ಉರುಹೊಡೆದರೆ ಐದು ಅಂಕ, ಅಷ್ಟೇ. ಆದರೆ ಒಳ್ಳೆಯ ಮೇಷ್ಟ್ರು ಸಿಕ್ಕರೆ ಇದೇ ನಾಲ್ಕು ಮಾತುಗಳನ್ನು ಹಿಡಿದು ನಂದಿನಿಯನ್ನು ಬಿಡಿಸಿ ತೋರಿಸಬಹುದು. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ಹಾಲು ತರುತ್ತೇನೆ ಎಂದಾಗ ಎದ್ದ ಗಲಾಟೆ ಬರೀ ರಾಜಕೀಯವೇ, ಅಥವಾ ಬೆಳಿಗ್ಗೆ ಐದಕ್ಕೆ ಬೂತ್ ತೆರೆಯುವ ವ್ಯವಸ್ಥೆಯ ಮೇಲೆ ಜನರಿಗಿದ್ದ ನಂಟೇ? ಹಾಲಿನ ದರವನ್ನು ಸರ್ಕಾರ ಹಿಡಿದಿಟ್ಟಿರುವಾಗ ಒಂದು ಬ್ರಾಂಡ್ ಲಾಭವನ್ನು ಎಲ್ಲಿ ಹುಡುಕಬೇಕು: ಮೊಸರಿನಲ್ಲೇ, ತುಪ್ಪದಲ್ಲೇ, ಮೈಸೂರು ಪಾಕಿನಲ್ಲೇ? 2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಆಟಗಾರರ ಅಂಗಿಯ ಮೇಲೆ ನಂದಿನಿ ಎಂದು ಕನ್ನಡ ಅಕ್ಷರ ಕಂಡಿತಲ್ಲ, ಅದರ ದುಡ್ಡು ಮರಳಿ ಬರುವ ದಾರಿ ಯಾವುದು? 2025ರ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್ ಸೋಪಿಗೆ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ ‘ಕನ್ನಡದ ನಟಿ ಸಿಗಲಿಲ್ಲವೇ’ ಎಂದು ಜನ ಸಿಟ್ಟಾದರು. ನಮಗೆ ರಾಜ್ಯದ ಹೊರಗಿನ ಮಾರುಕಟ್ಟೆಯೂ ಬೇಕು ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಇಬ್ಬರ ಮಾತಿಗೂ ತಳವಿದೆ. ಒಂದು ಗಂಟೆ ತರಗತಿಯನ್ನು ಇದರ ಮೇಲೆ ನಡೆಸುವ ಮೇಷ್ಟ್ರು ಇರುವ ಕಾಲೇಜು ಸಿಕ್ಕರೆ ಬಿಡಬೇಡಿ.

ಉಳಿದಂತೆ ನನಗೆ ಇಂದಿಗೂ ದಿನವೂ ಬೇಕಾಗುವುದು ಎರಡೇ: ಸಂಖ್ಯಾಶಾಸ್ತ್ರ ಮತ್ತು ವೆಚ್ಚದ ಲೆಕ್ಕ. ಮಾರ್ಕೆಟಿಂಗ್ ವಿದ್ಯಾರ್ಥಿಗಳು ಇವೆರಡನ್ನೂ ‘ಪಾಸಾದರೆ ಸಾಕು’ ಎಂದು ಓದುತ್ತಾರೆ. ಗ್ರಹಚಾರ.

ಪಿಯುಸಿ ಆದ ಮೇಲೆ ಬಿಬಿಎ ಮಾಡಿಸಲೇ, ಬಿಕಾಂ ಮಾಡಿಸಲೇ?

ಮುಂದೆ ಎಂಬಿಎ ಮಾಡುವುದು ಖಚಿತವಿದ್ದರೆ ಬಿಬಿಎ ಅಗತ್ಯವಿಲ್ಲ. ಅದೇ ವಿಷಯಗಳನ್ನು ಎರಡೆರಡು ಸಲ ಓದಿದ ಹಾಗಾಗುತ್ತದೆ. ಬಿಕಾಂ ಮಾಡಿದವರಿಗೆ ಲೆಕ್ಕ, ಜಿಎಸ್‌ಟಿ, ಆಡಿಟ್ ಬರುತ್ತವೆ. ಮಾರ್ಕೆಟಿಂಗ್ ಕೈಕೊಟ್ಟರೂ ಹೊಟ್ಟೆಗೆ ದಾರಿ ಇರುತ್ತದೆ. ಎಂಬಿಎ ಬೇಡ, ಪದವಿ ಮುಗಿಸಿ ಕೆಲಸಕ್ಕೆ ಸೇರುತ್ತೇನೆ ಎನ್ನುವವರಿಗೆ ಬಿಬಿಎ ಸರಿ. ಅದರಲ್ಲೂ ಇಂಟರ್ನ್‌ಶಿಪ್ ಹೆಸರಿಗಷ್ಟೇ ಇರದೆ ನಿಜವಾಗಿ ಮಾಡಿಸುವ ಕಾಲೇಜಿರಬೇಕು. 2024-25ರಿಂದ ಬಿಬಿಎ ಕೋರ್ಸ್‌ಗಳು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇ ವ್ಯಾಪ್ತಿಗೆ ಬಂದಿವೆ. ಸೇರುವ ಮುನ್ನ ಕಾಲೇಜಿಗೆ ಆ ಅನುಮೋದನೆ ಇದೆಯೇ ಎಂದು ಕೇಳಿ. ನಾಲ್ಕು ವರ್ಷದ ಆನರ್ಸ್ ಗೊಂದಲ ಕರ್ನಾಟಕದಲ್ಲಿ ಮುಗಿದಿದೆ, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು.

ಎಂಜಿನಿಯರಿಂಗ್ ಮುಗಿಸಿ ಎಂಬಿಎಗೆ ಬರುವವರು ಬೇಕಾದಷ್ಟು ಮಂದಿ. ಯಂತ್ರ, ಸಾಫ್ಟ್‌ವೇರ್, ವೈದ್ಯಕೀಯ ಉಪಕರಣ ಮಾರುವ ಕಂಪನಿಗಳು ಇವರನ್ನು ಹುಡುಕಿಕೊಂಡು ಬರುತ್ತವೆ.

ಎಂಬಿಎಗೆ ಯಾವ ಪರೀಕ್ಷೆ ಬರೆಯಬೇಕು?

ಸರ್ಕಾರಿ ಸೀಟು, ವಿಶ್ವವಿದ್ಯಾಲಯದ ವಿಭಾಗ ಬೇಕಿದ್ದರೆ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಪಿಜಿಸಿಇಟಿ. ಪದವಿಯಲ್ಲಿ ಶೇ 50 ಅಂಕ ಬೇಕು, ಎಸ್‌ಸಿ, ಎಸ್‌ಟಿ, ಪ್ರವರ್ಗ-1ರವರಿಗೆ ಶೇ 45. ಖಾಸಗಿ ಕಾಲೇಜುಗಳಿಗೆ ಕೆಮ್ಯಾಟ್, ಮ್ಯಾಟ್, ಸಿಮ್ಯಾಟ್. ಐಐಎಂಗಳಿಗೂ ಹಲವು ಹೆಸರಾಂತ ಸಂಸ್ಥೆಗಳಿಗೂ ಕ್ಯಾಟ್, ಅದು ವರ್ಷಕ್ಕೊಮ್ಮೆ ನವೆಂಬರ್ ಹೊತ್ತಿಗೆ ನಡೆಯುತ್ತದೆ. ಜಾಹೀರಾತು, ಬ್ರಾಂಡ್ ಕೆಲಸವೇ ಬೇಕೆಂದು ಹಟವಿರುವವರು ಅಹಮದಾಬಾದಿನ ಮೈಕಾ ಸಂಸ್ಥೆಯ ಪರೀಕ್ಷೆಯನ್ನೂ ನೋಡಬಹುದು. 1991ರಲ್ಲಿ ಶುರುವಾದ ಆ ಸಂಸ್ಥೆ ಈ ಕ್ಷೇತ್ರಕ್ಕೆಂದೇ ಹುಟ್ಟಿದ್ದು.

ಒಂದು ತಪ್ಪು ತಿಳಿವಳಿಕೆ: ಐಐಎಂನಲ್ಲಿ ‘ಮಾರ್ಕೆಟಿಂಗ್ ಎಂಬಿಎ’ ಎಂದು ಬೇರೆ ಪ್ರಮಾಣಪತ್ರ ಇರುತ್ತದೆ ಎಂದು ಹಲವರು ನಂಬಿದ್ದಾರೆ. 1973ರಲ್ಲಿ ಆರಂಭವಾದ ಬೆಂಗಳೂರು ಐಐಎಂನ ಎರಡು ವರ್ಷದ ಮುಖ್ಯ ಕಾರ್ಯಕ್ರಮ ಎಲ್ಲರಿಗೂ ಒಂದೇ. ಎರಡನೆಯ ವರ್ಷದಲ್ಲಿ ಬೇಕಾದ ಐಚ್ಛಿಕ ವಿಷಯ ಆರಿಸಿಕೊಳ್ಳುತ್ತಾರೆ. ಅದರ ಶುಲ್ಕ 20 ಲಕ್ಷ ದಾಟುತ್ತದೆ, ಆದರೆ ಅಲ್ಲಿಗೆ ಸೀಟು ಸಿಕ್ಕವರು ಈ ಪುಟ ಓದುವ ಅಗತ್ಯವಿಲ್ಲ, ಹೋಗಿ ಸೇರಿ.

ಕಾಲೇಜು ಒಳ್ಳೆಯದೋ ಕೆಟ್ಟದ್ದೋ ಎಂದು ಹೊರಗಿನಿಂದ ತಿಳಿಯುವುದು ಹೇಗೆ?

ಕಟ್ಟಡ ನೋಡಬೇಡಿ. ಎ.ಸಿ. ಸಭಾಂಗಣ, ಕೋಟು ಹಾಕಿದ ಹುಡುಗರ ಫ್ಲೆಕ್ಸ್ ಇವ್ಯಾವೂ ಬೇಡ. ಪ್ಲೇಸ್‌ಮೆಂಟ್ ಅಧಿಕಾರಿಯ ಎದುರು ಕುಳಿತು ಮೂರು ಸಂಗತಿ ಕೇಳಿ.

ಸರಾಸರಿ ಸಂಬಳ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ನೀವು ಕೇಳಬೇಕಾದದ್ದು ನಡುವಿನವನ ಸಂಬಳ, ಅಂದರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸಾಲಿನ ನಟ್ಟನಡುವೆ ನಿಲ್ಲುವವನದು. ಹತ್ತು ಜನರಲ್ಲಿ ಒಂಬತ್ತು ಜನರಿಗೆ ವರ್ಷಕ್ಕೆ 4 ಲಕ್ಷ, ಒಬ್ಬನಿಗೆ 24 ಲಕ್ಷ ಸಿಕ್ಕಿತು ಎಂದುಕೊಳ್ಳಿ. ಸರಾಸರಿ 6 ಲಕ್ಷ ಎಂದು ಕರಪತ್ರದಲ್ಲಿ ಅಚ್ಚಾಗುತ್ತದೆ. 6 ಲಕ್ಷ ಸಿಕ್ಕವನು ಆ ತರಗತಿಯಲ್ಲಿ ಒಬ್ಬನೂ ಇಲ್ಲ.

ಎರಡನೆಯದು, ಬಂದ ಕಂಪನಿಗಳ ಹೆಸರಿನ ಮುಂದೆ ಹುದ್ದೆಯ ಹೆಸರನ್ನೂ ಕೇಳಿ. ಒಂದು ಹೆಸರಾಂತ ಬ್ಯಾಂಕ್ ಬಂದಿದೆ ಎಂದರೆ ಸಂತೋಷ. ಆದರೆ ಅದು ಬಂದದ್ದು ಕ್ರೆಡಿಟ್ ಕಾರ್ಡ್ ಮಾರುವವರನ್ನು ತೆಗೆದುಕೊಳ್ಳಲು, ಅದೂ ಹೊರಗುತ್ತಿಗೆ ಏಜೆನ್ಸಿಯ ಮೂಲಕ ಎಂದಾದರೆ, ಆ ಕೆಲಸಕ್ಕೆ ಎಂಬಿಎ ಬೇಕಿರಲಿಲ್ಲ.

ಮೂರನೆಯದು ಸಂಬಳದ ಒಳಗುಟ್ಟು. ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು ಎಂಬ ಅಂಕಿಯಲ್ಲಿ ಕೈಗೆ ಬರುವ ನಿಗದಿತ ಹಣ, ಟಾರ್ಗೆಟ್ ಮುಟ್ಟಿದರೆ ಬರುವ ಇನ್ಸೆಂಟಿವ್, ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ, ಕೆಲವೊಮ್ಮೆ ಆರೋಗ್ಯ ವಿಮೆಯ ಕಂತು ಎಲ್ಲವನ್ನೂ ಒಟ್ಟಿರುತ್ತಾರೆ. ಸೇಲ್ಸ್ ಕೆಲಸದಲ್ಲಿ ಇನ್ಸೆಂಟಿವ್ ಪಾಲು ದೊಡ್ಡದು. ತಿಂಗಳ 25 ದಾಟಿದ ಮೇಲೆ ಟಾರ್ಗೆಟ್ ಮುಟ್ಟಿಸಲು ಡಿಸ್ಟ್ರಿಬ್ಯೂಟರ್ ಗೋದಾಮಿಗೆ ಮಾಲು ತುಂಬಿಸುವ ಆಟ ನಡೆಯುತ್ತದೆ. ಕಂಪನಿಯಿಂದ ಡಿಸ್ಟ್ರಿಬ್ಯೂಟರ್‌ಗೆ ಹೋದದ್ದು ಪ್ರೈಮರಿ, ಅವರಿಂದ ಅಂಗಡಿಗೆ ಹೋದದ್ದು ಸೆಕೆಂಡರಿ. ಪ್ರೈಮರಿ ಏರಿ ಸೆಕೆಂಡರಿ ಏರದಿದ್ದರೆ ಮುಂದಿನ ತಿಂಗಳು ಅದೇ ಗೋದಾಮಿನಲ್ಲಿ ನೀವು ಬೈಗುಳ ತಿನ್ನುತ್ತೀರಿ. ಇದನ್ನು ಯಾವ ಪ್ಲೇಸ್‌ಮೆಂಟ್ ಅಧಿಕಾರಿಯೂ ಹೇಳಲಾರ.

ಇಷ್ಟಾಗಿಯೂ ಅನುಮಾನವಿದ್ದರೆ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ಕೊನೆಯ ವರ್ಷದ ಹುಡುಗರನ್ನು ಮಾತಾಡಿಸಿ.

ಸಾಲ ಮಾಡಿ ಓದಿಸಬಹುದೇ?

ಲೆಕ್ಕ ಹಾಕಿ ನೋಡೋಣ. 8 ಲಕ್ಷ ಸಾಲ, ಶೇ 10 ಬಡ್ಡಿ, ಏಳು ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 13,280 ರೂಪಾಯಿ. ಓದುವಾಗಲೂ ಅದಾದ ಒಂದು ವರ್ಷವೂ ಸಾಮಾನ್ಯವಾಗಿ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಆಟೊ ಮೀಟರಿನ ಹಾಗೆ ಓಡುತ್ತಲೇ ಇರುತ್ತದೆ. ಅದು ಅಸಲಿಗೆ ಸೇರಿಕೊಂಡರೆ ಕಂತು 15,000 ದಾಟುತ್ತದೆ. ಬೆಂಗಳೂರಿನಲ್ಲಿ ಕೈಗೆ 25,000 ಬರುವ ಕೆಲಸ ಸಿಕ್ಕಿ, ಪಿಜಿ ಬಾಡಿಗೆ, ಊಟ, ಪೆಟ್ರೋಲ್ ಕಳೆದರೆ ಉಳಿಯುವುದೇನು ಎಂದು ನೀವೇ ಹೇಳಿ. ಅದೇ ಓದು ಸರ್ಕಾರಿ ವಿಶ್ವವಿದ್ಯಾಲಯದ ವಿಭಾಗದಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ.

ನನ್ನ ಅಳತೆ ಇಷ್ಟು: ಆ ಕಾಲೇಜಿನ ನಡುವಿನವನ ಒಂದು ವರ್ಷದ ನಿಗದಿತ ಸಂಬಳಕ್ಕಿಂತ ಒಟ್ಟು ಖರ್ಚು ಒಂದೂವರೆ ಪಟ್ಟಿಗೂ ಹೆಚ್ಚಾದರೆ ಬೇಡ. ಇದು ಪುಸ್ತಕದ ಸೂತ್ರವಲ್ಲ, ಕಂತು ಕಟ್ಟಿ ಸುಸ್ತಾದ ಹುಡುಗರನ್ನು ಕಂಡು ನಾನೇ ಮಾಡಿಕೊಂಡದ್ದು.

ಏನೂ ಅಡವಿಡದೆ 7.5 ಲಕ್ಷದವರೆಗೆ ಬ್ಯಾಂಕುಗಳು ಶಿಕ್ಷಣ ಸಾಲ ಕೊಡುತ್ತವೆ. 2024ರ ನವೆಂಬರ್‌ನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿಗೆ ಅರ್ಜಿ ಹಾಕಬಹುದು. ಆದರೆ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಸೀಟು ಹಿಡಿಯುವ ಮುನ್ನ ಆ ಪಟ್ಟಿ ನೋಡಿ, ಹಿಡಿದ ಮೇಲೆ ನೋಡಿ ಪ್ರಯೋಜನವಿಲ್ಲ. ಹೊಲ ಮಾರುವ ಮಾತು ಬಂದರೆ ನಾನು ಫೋನ್ ಇಟ್ಟುಬಿಡುತ್ತೇನೆ.

ಕೆಲಸ ಮಾಡುತ್ತಲೇ ದೂರಶಿಕ್ಷಣದಲ್ಲಿ ಎಂಬಿಎ ಮಾಡಿದರೆ ಬೆಲೆ ಇದೆಯೇ?

ಮಾನ್ಯತೆ ಇರುವ ವಿಶ್ವವಿದ್ಯಾಲಯದ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಕಾಗದದ ಮೇಲೆ ಸಮ, ಕ್ಯಾಂಪಸ್ ಸಂದರ್ಶನ ಮಾತ್ರ ಇರುವುದಿಲ್ಲ. ಹೀಗಾಗಿ ಈಗಾಗಲೇ ಕೆಲಸದಲ್ಲಿದ್ದು ಬಡ್ತಿಗಾಗಿ ಒಂದು ಪದವಿ ಬೇಕಾದವರಿಗೆ ಇದು ತಕ್ಕದ್ದು. ಕೆಲಸವೇ ಇಲ್ಲದವರಿಗೆ ಅಲ್ಲ.

ಇನ್ನೊಂದು ಎಚ್ಚರಿಕೆ. ಬ್ಯಾಂಕುಗಳ ನೇಮಕಾತಿ ಸಂಸ್ಥೆ ಐಬಿಪಿಎಸ್ ನಡೆಸುವ ಸ್ಪೆಷಲಿಸ್ಟ್ ಆಫೀಸರ್ ಪರೀಕ್ಷೆಯಲ್ಲಿ ಮಾರ್ಕೆಟಿಂಗ್ ಆಫೀಸರ್ ಹುದ್ದೆಗಳಿರುತ್ತವೆ. ಅವಕ್ಕೆ ಪೂರ್ಣಾವಧಿ ಎರಡು ವರ್ಷದ ಮಾರ್ಕೆಟಿಂಗ್ ಎಂಬಿಎ ಅಥವಾ ಅಂಥದ್ದೇ ಪದವಿ ಕೇಳುತ್ತಾರೆ. ‘ಪೂರ್ಣಾವಧಿ’ ಎಂಬ ಒಂದು ಪದ ಓದದೆ ಅರ್ಜಿ ತುಂಬಿ, ಪರೀಕ್ಷೆ ಪಾಸಾಗಿ, ದಾಖಲೆ ಪರಿಶೀಲನೆಯಲ್ಲಿ ಹೊರಬಿದ್ದ ಹುಡುಗನೊಬ್ಬ ನಮ್ಮ ಊರಿನಲ್ಲೇ ಇದ್ದಾನೆ. ವಿಶ್ವವಿದ್ಯಾಲಯದ ಮಾನ್ಯತೆಯನ್ನೂ ಆಯಾ ವರ್ಷಕ್ಕೆ ನೋಡಬೇಕು. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಯುಜಿಸಿ 2015ರಲ್ಲಿ ಹಿಂದಕ್ಕೆ ಪಡೆದು 2018ರಲ್ಲಿ ಮರಳಿ ಕೊಟ್ಟಿತು. ನಡುವಿನ ವರ್ಷಗಳಲ್ಲಿ ಸಿಕ್ಕಿಕೊಂಡವರ ಪಾಡು ಪಟ್ಟವರಿಗೇ ಗೊತ್ತು.

ಮೂರು ತಿಂಗಳ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸ್ ಮಾಡಿದರೆ ಸಾಲದೇ? ಎರಡು ವರ್ಷ ಯಾಕೆ?

ಕೋರ್ಸಿಗೆ ಅರವತ್ತು, ಎಂಬತ್ತು ಸಾವಿರ ಕೊಡುವ ಮುನ್ನ ಗೂಗಲ್‌ನ ಸ್ಕಿಲ್‌ಶಾಪ್ ನೋಡಿ. ಜಾಹೀರಾತು ನಡೆಸುವುದನ್ನು ಪುಕ್ಕಟೆ ಕಲಿಸಿ, ಪರೀಕ್ಷೆ ಇಟ್ಟು ಪ್ರಮಾಣಪತ್ರವನ್ನೂ ಕೊಡುತ್ತದೆ. ಬಟನ್ ಒತ್ತುವುದನ್ನು ಕಲಿಯಲು ಇಷ್ಟು ಸಾಕು. ಆದರೆ ಬಟನ್ ಒತ್ತಲು ಬರುವವರು ಸಂತೆಯಷ್ಟು ಜನ ಇದ್ದಾರೆ. ನಾನು ಹುಡುಕುವುದು ಒತ್ತಿದ ಮೇಲೆ ಲೆಕ್ಕ ಹಾಕುವವರನ್ನು.

ಶಿರಸಿ ಕಡೆಯ ನಮ್ಮ ಪರಿಚಯದ ಮನೆಯವರು ಹಲಸಿನ ಹಪ್ಪಳ ಮಾಡುತ್ತಾರೆ. ಅವರ ಮಗಳು ಬಿಎ ಓದುತ್ತಿದ್ದಳು. ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಹಾಕಿ 3,000 ರೂಪಾಯಿ ಖರ್ಚು ಮಾಡಿದಳು. 600 ಜನ ಒತ್ತಿ ನೋಡಿದರು, ಅಂದರೆ ಒಬ್ಬರಿಗೆ 5 ರೂಪಾಯಿ. 12 ಜನ ಕೊಂಡರು, ಅಂದರೆ ಒಂದು ಆರ್ಡರಿಗೆ 250 ರೂಪಾಯಿ. 400 ರೂಪಾಯಿಯ ಕಟ್ಟಿನಲ್ಲಿ ಕೊರಿಯರ್ ಕಳೆದು ಉಳಿಯುವುದು 120. ಜಾಹೀರಾತಿನ ಖರ್ಚು ತೆಗೆದರೆ ಕಟ್ಟಿಗೆ 130 ನಷ್ಟ. ‘ನಿಲ್ಲಿಸಿಬಿಡು’ ಎಂದರು ಅಪ್ಪ. ಅವಳು ನಿಲ್ಲಿಸಲಿಲ್ಲ, ಒಂದು ನೋಟುಬುಕ್ಕಿನಲ್ಲಿ ಕೊಂಡವರ ಹೆಸರು ಬರೆದಿಟ್ಟಳು. ಮುಂದಿನ ತಿಂಗಳು 12ರಲ್ಲಿ ಐದು ಜನ ವಾಟ್ಸ್ಆ್ಯಪ್‌ನಲ್ಲಿ ತಾವಾಗಿಯೇ ಮತ್ತೆ ಕೇಳಿದರು. ಆ ಐದಕ್ಕೆ ಜಾಹೀರಾತಿನ ಖರ್ಚಿಲ್ಲ. ಹದಿನೇಳು ಕಟ್ಟಿನ ಲಾಭ 2,040 ಆಯಿತು, ಇನ್ನು ಎಂಟು ಆರ್ಡರ್ ಬಂದರೆ ಹಾಕಿದ 3,000 ಹುಟ್ಟುತ್ತದೆ, ಅದರಾಚೆಗೆ ಬಂದದ್ದೆಲ್ಲ ಉಳಿತಾಯ ಎಂದು ಲೆಕ್ಕ ಹಾಕಿ ಅಪ್ಪನಿಗೆ ತೋರಿಸಿದಳು. ಐದೂ ಜನ ಬೆಂಗಳೂರಿನಲ್ಲಿರುವ ಮಲೆನಾಡಿನವರೇ ಎಂದೂ ಗಮನಿಸಿದ್ದಳು. ಆಮೇಲೆ ಜಾಹೀರಾತು ಅಂಥವರಿಗೆ ಮಾತ್ರ ಕಾಣುವ ಹಾಗೆ ಮಾಡಿದಳು.

ಆ ನೋಟುಬುಕ್ಕನ್ನು ಹಿಡಿದು ಸಂದರ್ಶನಕ್ಕೆ ಬಂದರೆ ನಾನು ಪ್ರಮಾಣಪತ್ರ ಕೇಳುವುದಿಲ್ಲ. ನೀವೂ ಹೀಗೆ ಏನಾದರೂ ಮಾರಿ ನೋಡಿ: ಅಮ್ಮನ ಉಪ್ಪಿನಕಾಯಿ, ಮಾವನ ಹೋಂಸ್ಟೇ, ಗೆಳೆಯನ ಸೈಕಲ್ ರಿಪೇರಿ ಅಂಗಡಿ. ಮಾರಾಟವಾಗದಿದ್ದರೂ ಪರವಾಗಿಲ್ಲ, ಯಾಕೆ ಆಗಲಿಲ್ಲ ಎಂದು ಬರೆದಿಡಿ.

ನಾನು ಕನ್ನಡ ಮಾಧ್ಯಮ. ಇಂಗ್ಲಿಷ್ ತಡವರಿಸುತ್ತದೆ. ಈ ಕ್ಷೇತ್ರ ನನಗಲ್ಲವೇ?

ಕಚೇರಿಯ ಇಂಗ್ಲಿಷ್ ಎರಡು ವರ್ಷದಲ್ಲಿ ಬರುತ್ತದೆ. ಇಮೇಲ್ ಬರೆಯಲು, ಹತ್ತು ಸ್ಲೈಡ್ ವಿವರಿಸಲು ಬೇಕಾದ ಇಂಗ್ಲಿಷ್ ಅಷ್ಟೇನೂ ದೊಡ್ಡದಲ್ಲ, ನಾನೂ ಹಾಗೇ ಕಲಿತದ್ದು. ಕಲಿಯದೆ ಇರುತ್ತೇನೆ ಎಂದರೆ ಮಾತ್ರ ಮೇಲೇರಲು ಆಗುವುದಿಲ್ಲ, ಇದರಲ್ಲಿ ಸಮಾಧಾನದ ಮಾತು ಹೇಳಲಾರೆ.

ಆದರೆ ನಿಮ್ಮ ಕೈಯಲ್ಲಿ ಇರುವುದನ್ನು ಕಡಿಮೆ ಎಣಿಸಬೇಡಿ. ಬಸ್ಸಿನ ಹಿಂದೆ, ಹಾಲಿನ ಅಂಗಡಿಯ ಫಲಕದ ಮೇಲೆ, ಮೊಬೈಲಿನಲ್ಲಿ ಬರುವ ಕನ್ನಡ ಜಾಹೀರಾತುಗಳನ್ನು ಓದಿ. ‘ತ್ವರೆ ಮಾಡಿ!’ ‘ಉಳಿಸಿ 50 ರೂಪಾಯಿ!’ ಯಾವ ಮನೆಯಲ್ಲಿ ಯಾರು ಯಾರಿಗೆ ‘ತ್ವರೆ ಮಾಡಿ’ ಎನ್ನುತ್ತಾರೆ? ಮುಂಬೈಯಲ್ಲೋ ಗುರುಗ್ರಾಮದಲ್ಲೋ ಬರೆದದ್ದನ್ನು ಪದಕ್ಕೆ ಪದ ಇಟ್ಟು ತಂದ ಕನ್ನಡ ಅದು. ಅದಕ್ಕೆ ಕೋಟಿಗಟ್ಟಲೆ ಖರ್ಚು ಮಾಡಿರುತ್ತಾರೆ, ಓದುವವರು ಮಾತ್ರ ಇಲ್ಲ. ಧಾರವಾಡದಲ್ಲಿ ನಗಿಸುವ ಮಾತು ಮಂಡ್ಯದಲ್ಲಿ ಯಾಕೆ ನಗಿಸುವುದಿಲ್ಲ, ಮಂಗಳೂರಿನ ಅಂಗಡಿಯವರ ಹತ್ತಿರ ಚೌಕಾಸಿ ಯಾಕೆ ನಡೆಯುವುದಿಲ್ಲ, ಕಲಬುರಗಿಯಲ್ಲಿ ಯಾವ ತಿಂಗಳಲ್ಲಿ ತೊಗರಿಯ ದುಡ್ಡು ಕೈಗೆ ಬರುತ್ತದೆ ಎಂದು ಬಲ್ಲ ಎಂಬಿಎಗಳು ನನಗೆ ಸುಲಭಕ್ಕೆ ಸಿಗುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಥ ಸಂಗತಿಗಳನ್ನು ಸಂದರ್ಶನದಲ್ಲಿ ನಾಚಿಕೆಯಿಂದ ಮುಚ್ಚಿಟ್ಟು, ಬಾರದ ಇಂಗ್ಲಿಷಿನಲ್ಲಿ ‘ನಾನು ಶ್ರಮಜೀವಿ’ ಎಂದು ಹೇಳಿ ಹೋಗುತ್ತಾರೆ. ಸಿಟ್ಟು ಬರುತ್ತದೆ.

ನನ್ನ ಮಗ ಮಾತು ಕಡಿಮೆ. ಮಾರ್ಕೆಟಿಂಗ್ ಆಗುತ್ತದೆಯೇ?

ಬಾಯಿ ಜೋರಿದ್ದವರು ಮೊದಲ ತಿಂಗಳು ಚೆನ್ನಾಗಿ ಮಾರುತ್ತಾರೆ. ಅಂಗಡಿಯವರಿಗೆ ಬೇಕಾಗುವುದು ತಮ್ಮ ಮಾತು ಕೇಳುವವರು, ಹೇಳಿದ ದಿನ ಬರುವವರು, ಹೇಳಿದ ರಿಯಾಯಿತಿ ಸ್ಕೀಮಿನ ಹಣ ಮರಳಿ ಕೊಡಿಸುವವರು. ಅದಲ್ಲದೆ ಮಾರುಕಟ್ಟೆ ಸಂಶೋಧನೆ, ಬೆಲೆ ನಿಗದಿ, ದತ್ತಾಂಶದ ಕೆಲಸಗಳಲ್ಲಿ ದಿನವಿಡೀ ಯಾರೊಡನೆಯೂ ಮಾತಾಡದೆ ಇರಬಹುದು. ಆಗುತ್ತದೆ.

ಹೆಣ್ಣುಮಕ್ಕಳಿಗೆ ಈ ಕೆಲಸ ಸರಿಹೋಗುತ್ತದೆಯೇ?

ಕೇಳುವವರು ಯಾವಾಗಲೂ ಅಪ್ಪಂದಿರು. ಬ್ರಾಂಡ್, ಜಾಹೀರಾತು, ಡಿಜಿಟಲ್, ಸಂಶೋಧನೆ ಈ ಕಡೆ ಹೆಣ್ಣುಮಕ್ಕಳು ಸಾಕಷ್ಟು ಇದ್ದಾರೆ. ಊರೂರು ಸುತ್ತುವ ಸೇಲ್ಸ್‌ನಲ್ಲಿ ಇಂದಿಗೂ ಕಡಿಮೆ, ಅದಕ್ಕೆ ಕಾರಣ ಅವರ ಸಾಮರ್ಥ್ಯವಲ್ಲ. ಬೀಟಿನ ದಾರಿಯಲ್ಲಿ ಬಳಸುವಂಥ ಶೌಚಾಲಯವಿಲ್ಲ, ರಾತ್ರಿ ಉಳಿಯಲು ತಕ್ಕ ಲಾಡ್ಜ್ ಇಲ್ಲ. ಕಂಪನಿ ಇದಕ್ಕೆ ಏನು ವ್ಯವಸ್ಥೆ ಮಾಡಿದೆ ಎಂದು ಸಂದರ್ಶನದಲ್ಲೇ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಕಂಪನಿಗೆ ಹೋಗುವುದು ಬೇಡ.

ಕೃತಕ ಬುದ್ಧಿಮತ್ತೆ ಬಂದಿದೆ. ಓದಿ ಮುಗಿಸುವಷ್ಟರಲ್ಲಿ ಕೆಲಸವೇ ಇರುವುದಿಲ್ಲವಂತೆ?

ಹಬ್ಬದ ಶುಭಾಶಯದ ಪೋಸ್ಟರ್ ಮಾಡುವ, ಒಂದೇ ಜಾಹೀರಾತಿಗೆ ಇಪ್ಪತ್ತು ಬಗೆಯ ಸಾಲು ಬರೆಯುವ ಕೆಲಸಗಳನ್ನು ಈಗ ನಮ್ಮಲ್ಲೂ ಯಂತ್ರಕ್ಕೆ ಬಿಟ್ಟಿದ್ದೇವೆ. ಮೊದಲು ಹೊಸಬರು ಅದನ್ನು ಮಾಡುತ್ತ ಮಾಡುತ್ತ ಕೆಲಸ ಕಲಿಯುತ್ತಿದ್ದರು, ಆ ಮೆಟ್ಟಿಲು ಸವೆಯುತ್ತಿದೆ. ನಾಲ್ಕನೆಯ ವಾರ ಚಹಾ ಅಂಗಡಿಯಲ್ಲಿ ಕುಳಿತು ನೋಡುವ ಕೆಲಸವನ್ನು ಇನ್ನೂ ಯಂತ್ರಕ್ಕೆ ಬಿಟ್ಟಿಲ್ಲ. ಬರೀ ಬರವಣಿಗೆಯನ್ನೇ ನೆಚ್ಚಿಕೊಂಡು ಮಾರ್ಕೆಟಿಂಗ್ ಓದುವವರು ಜೊತೆಗೆ ಅಂಕಿಅಂಶವನ್ನೂ ಗಟ್ಟಿಯಾಗಿ ಕಲಿಯುವುದು ಒಳ್ಳೆಯದು.

ವಿದೇಶದಲ್ಲಿ ಮಾರ್ಕೆಟಿಂಗ್ ಎಂ.ಎಸ್ಸಿ. ಮಾಡಿಸಬಹುದೇ?

ಬ್ರಿಟನ್ನಿನಲ್ಲಿ ಒಂದು ವರ್ಷದ ಕೋರ್ಸ್‌ಗಳಿವೆ, ಏಜೆಂಟರು ಜೋರಾಗಿ ಮಾರುತ್ತಾರೆ. ಓದಿದ ಮೇಲೆ ಅಲ್ಲಿ ಉಳಿದು ಕೆಲಸ ಹುಡುಕಲು ಎರಡು ವರ್ಷ ಅವಕಾಶವಿತ್ತು. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಅದನ್ನು ಹದಿನೆಂಟು ತಿಂಗಳಿಗೆ ಇಳಿಸಿದ್ದಾರೆ. ಮಾರ್ಕೆಟಿಂಗ್ ಎಂದರೆ ಆ ಊರಿನವರ ಮನಸ್ಸು ಬಲ್ಲ ಕೆಲಸ. ಲೀಡ್ಸ್‌ನವರು ಲೀಡ್ಸ್‌ನ ಗಿರಾಕಿಯನ್ನು ಅರಿಯಲು ಹಾವೇರಿಯವನನ್ನು ಯಾಕೆ ತೆಗೆದುಕೊಳ್ಳಬೇಕು? ದತ್ತಾಂಶ ವಿಶ್ಲೇಷಣೆ ಬೆರೆತ ಕೋರ್ಸ್ ಆದರೆ ಮಾತು ಬೇರೆ.

ಸಂದರ್ಶನದಲ್ಲಿ ನೀವು ಏನು ಕೇಳುತ್ತೀರಿ?

‘ಈ ಪೆನ್ನನ್ನು ನನಗೆ ಮಾರು’ ಎಂದು ನಾನು ಕೇಳುವುದಿಲ್ಲ. ನಿಮ್ಮ ಮನೆಯಲ್ಲಿ ಈಚೆಗೆ ಯಾವ ಸಾಮಾನಿನ ಬ್ರಾಂಡ್ ಬದಲಾಯಿತು, ಯಾಕೆ ಎಂದು ಕೇಳುತ್ತೇನೆ. ಹೆಚ್ಚಿನವರು ತಬ್ಬಿಬ್ಬಾಗುತ್ತಾರೆ, ಕೆಲವರು ನಾಲ್ಕು ‘ಪಿ’ ಒಪ್ಪಿಸುತ್ತಾರೆ.

ಐದು ವರ್ಷದ ಹಿಂದೆ ಒಬ್ಬಳು ಬಂದಿದ್ದಳು, ಇತಿಹಾಸದಲ್ಲಿ ಬಿಎ. ಅವರ ಮನೆಯಲ್ಲಿ ಚಹಾಪುಡಿ ಬದಲಾಗಿತ್ತಂತೆ. ಹೊಸ ಬ್ರಾಂಡಿನ ಪ್ಯಾಕೆಟ್ ಜೊತೆ ಸ್ಟೀಲ್ ಚಮಚ ಕೊಡುತ್ತಿದ್ದರು. ‘ಆರು ಚಮಚ ಆಗುವವರೆಗೆ ಅಮ್ಮ ಅದನ್ನೇ ತಂದರು ಸರ್, ಏಳನೆಯ ತಿಂಗಳು ಹಳೆಯ ಪುಡಿಗೆ ಮರಳಿದರು. ರುಚಿ ಮೊದಲಿಂದಲೂ ಹಿಡಿಸಿರಲಿಲ್ಲ, ಆದರೆ ಮನೆಗೆ ಒಂದು ಸೆಟ್ ಚಮಚ ಬೇಕಿತ್ತು.’ ಆರು ತಿಂಗಳ ಮಾರಾಟದ ಏರಿಕೆಯನ್ನು ಕಂಡು ಆ ಕಂಪನಿಯ ಯಾರೋ ಒಬ್ಬರು ಖುಷಿಪಟ್ಟಿರುತ್ತಾರೆ ಎಂದೂ ಸೇರಿಸಿದಳು. ಅಂದೇ ಕೆಲಸ ಕೊಟ್ಟೆವು.

ಈಗ ಆಕೆ ನಮ್ಮ ತಂಡದಲ್ಲಿ ಎಲ್ಲರಿಗಿಂತ ಚುರುಕು. ಕಳೆದ ತಿಂಗಳು ನನ್ನ ಮೇಜಿನ ಬಳಿ ಬಂದು, ‘ಸರ್, ನಾನೂ ಎಂಬಿಎ ಮಾಡಬೇಕೇ?’ ಎಂದಳು. ನಮ್ಮಲ್ಲಿ ಏರಿಯಾ ಮ್ಯಾನೇಜರ್ ಹುದ್ದೆಗೆ ಎಂಬಿಎ ಕಡ್ಡಾಯ. ಆ ನಿಯಮ ಬರೆದ ಸಮಿತಿಯಲ್ಲಿ ನಾನೂ ಇದ್ದೆ. ಅದನ್ನು ಸಡಿಲಿಸಿ ಎಂದು ಮೇಲಿನವರಿಗೆ ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ. ಆಕೆ ಕಾಯಲಿಲ್ಲ, ಆನ್‌ಲೈನ್ ಎಂಬಿಎಗೆ ಮೊದಲ ಕಂತು ಕಟ್ಟಿದ್ದಾಳೆ.